ಅರ್ಧಕ್ಕೆ ನಿಂತ ಕಾದಂಬರಿ: ಮುಂದುವರಿಸಲಾ, ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 36 ವರ್ಷ. ಕೆಲಸ, ಮನೆ, ಮಗು ಎಲ್ಲ ಮುಗಿಸಿ ರಾತ್ರಿ ಹೊತ್ತು ಒಂದು ಕಾದಂಬರಿ ಬರೆಯುತ್ತಿದ್ದೆ. ತಾಯಿ ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡಲು ಬರುವ ಇಬ್ಬರು ಅಕ್ಕತಂಗಿಯರ ಕಥೆ. 140 ಪುಟ ಆಗಿದೆ. ಆರು ತಿಂಗಳಿಂದ ಒಂದಕ್ಷರ ಮುಂದೆ ಹೋಗಿಲ್ಲ. ತೆಗೆದು ಓದಿದಾಗಲೆಲ್ಲ ಸಪ್ಪೆ ಅನ್ನಿಸುತ್ತದೆ. ನಿಂತಿರುವ ಜಾಗದ ನಾಲ್ಕು ಸಾಲು ಕೆಳಗೆ ಕೊಟ್ಟಿದ್ದೇನೆ. ಗೆಳತಿಯರಿಗೆ ಓದಲು ಕೊಟ್ಟರೆ 'ಸೂಪರ್' ಅಂತಾರೆ. ನಾನು ತುಂಬಾ ಗೌರವಿಸುವ ಹಿರಿಯರೊಬ್ಬರು 'ಎಲ್ಲರೂ ಕಾದಂಬರಿ ಬರೆಯೋಕೆ ಹೊರಟರೆ ಓದೋರು ಯಾರಮ್ಮಾ?' ಅಂದರು. ಒಬ್ಬ ಪ್ರಕಾಶಕರಿಗೆ ಮೊದಲ ಮೂರು ಅಧ್ಯಾಯ ಕಳಿಸಿದೆ, ಉತ್ತರವೇ ಇಲ್ಲ. ನನ್ನಲ್ಲಿ ಪ್ರತಿಭೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ? ಮುಂದುವರಿಸಲಾ, ಬಿಟ್ಟುಬಿಡಲಾ? ಇನ್ನೊಂದು ಮಾತು. ಬರೆದು ಮುಗಿಸಿದರೂ ಸ್ವಂತ ಹೆಸರು ಹಾಕೋಕೆ ನನಗೆ ಧೈರ್ಯ ಇಲ್ಲ. ಬೇರೆ ಹೆಸರಲ್ಲಿ ಪ್ರಕಟಿಸಬಹುದಾ?

ಉತ್ತರ: ಮುಂದುವರಿಸಿ. ನೀವು ಕಾಯುತ್ತಿರುವುದು ಈ ಮಾತಿಗೇ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ನಿಮ್ಮಲ್ಲಿ ಪ್ರತಿಭೆ ಇದೆ ಅಂತ ನನಗೆ ಖಾತ್ರಿಯಾಗಿ ಹೇಳುತ್ತಿರುವ ಮಾತಲ್ಲ ಇದು. ನಾಲ್ಕು ಸಾಲು ಓದಿ ಯಾರಿಗೂ ಅದು ಖಾತ್ರಿ ಆಗುವುದಿಲ್ಲ. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಕಾದಂಬರಿ ಬಿಡಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಕಾರಣವೂ ಸಿಗಲಿಲ್ಲ. ನಾಲ್ಕು ಥರದ ಬೇಜಾರು ಸಿಕ್ಕಿತು. ನಾಲ್ಕೂ ಬೇರೆ ಬೇರೆ. ನೀವು ಅವನ್ನೆಲ್ಲ ಒಟ್ಟು ಸೇರಿಸಿ 'ನನಗೆ ಪ್ರತಿಭೆ ಇಲ್ಲ' ಅಂತ ಒಂದೇ ತೀರ್ಪು ಬರೆದುಕೊಂಡಿದ್ದೀರಿ.

ಬರೆಯುವವರಿಗೆ ಬರುವ ಅನುಮಾನಗಳಲ್ಲಿ ಎರಡು ಜಾತಿ. ಒಂದು ಬರೆಯುವವರ ಬಗ್ಗೆ: ನಾನು ಬರಹಗಾರ್ತಿ ಹೌದಾ, ನನಗೇಕೆ ಇದೆಲ್ಲ, ನಾಚಿಕೆ ಆಗಲ್ವಾ? ಇನ್ನೊಂದು ಬರೆದದ್ದರ ಬಗ್ಗೆ: ಈ ಅಧ್ಯಾಯ ಎಳೆದ ಹಾಗಿದೆ, ಈ ಅಕ್ಕ ಯಾಕೋ ಮನುಷ್ಯಳ ಥರ ಕಾಣ್ತಿಲ್ಲ, ಇಲ್ಲಿ ನನಗೇ ಓದೋಕೆ ಬೇಜಾರು. ಮೊದಲನೆಯದಕ್ಕೆ ಉತ್ತರ ಇಲ್ಲ. ಎಷ್ಟು ಹೊತ್ತು ಕೂತು ಯೋಚಿಸಿದರೂ ಸಿಗುವುದಿಲ್ಲ. ಹತ್ತು ಪುಸ್ತಕ ಬಂದ ಮೇಲೂ ಸಿಗುವುದಿಲ್ಲ. ಎರಡನೆಯದಕ್ಕೆ ಉತ್ತರ ಇದೆ, ಅದು ನಿಮ್ಮ ಹಸ್ತಪ್ರತಿಯಲ್ಲೇ ಇದೆ. ಅನುಮಾನ ಬಂದಾಗ ಅದು ಎಷ್ಟನೇ ಪುಟದ ಬಗ್ಗೆ ಅಂತ ಕೇಳಿಕೊಳ್ಳಿ. ಪುಟದ ನಂಬರ್ ಹೇಳಲು ಬಂದರೆ ಅದು ಕೆಲಸಕ್ಕೆ ಬರುವ ಅನುಮಾನ. ಬರದಿದ್ದರೆ ಅದರ ಜೊತೆ ವಾದಕ್ಕೆ ಕೂರಬೇಡಿ.

ವಾದಕ್ಕೆ ಕೂರದೆ ಏನು ಮಾಡಬೇಕು? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ ಅಮೆರಿಕದ ಜಾನ್ ಸ್ಟೈನ್‌ಬೆಕ್. 1938ರಲ್ಲಿ ಅವರು 'ದಿ ಗ್ರೇಪ್ಸ್ ಆಫ್ ರಾತ್' ಬರೆಯುವಾಗ ಜೊತೆಗೇ ಒಂದು ಡೈರಿ ಇಟ್ಟಿದ್ದರು. ದಿನದ ಕೆಲಸಕ್ಕೆ ಕೂರುವ ಮೊದಲು ಅದರಲ್ಲಿ ಒಂದಿಷ್ಟು ಬರೆಯುತ್ತಿದ್ದರು. ನಿನ್ನೆ ಸರಿಯಾಗಿ ಕೆಲಸ ಆಗಲಿಲ್ಲ, ಪಕ್ಕದಲ್ಲಿ ಮನೆ ಕಟ್ಟುವ ಸದ್ದು, ಪ್ರಕಾಶಕರ ವ್ಯವಹಾರ ದಿವಾಳಿ ಎದ್ದಿದೆ, ಇವತ್ತು ಇಂಥ ದೃಶ್ಯ ಮುಗಿಸಬೇಕು. ಈ ಥರದ ಮಾತುಗಳು. ಆಗಸ್ಟ್ ತಿಂಗಳ ಒಂದು ದಿನ ಅವರು ಬರೆದುಕೊಂಡದ್ದರ ಸಾರ ಇಷ್ಟು: ನಾನು ಬರಹಗಾರನೇ ಅಲ್ಲ, ನನಗೂ ಜನರಿಗೂ ಮೋಸ ಮಾಡುತ್ತಾ ಬಂದಿದ್ದೇನೆ. ಆ ಹೊತ್ತಿಗೆ ಅವರು ಹೊಸಬರೇನಲ್ಲ. ಹಿಂದಿನ ವರ್ಷವೇ ಬಂದ ಪುಸ್ತಕ ದೊಡ್ಡ ಹೆಸರು ತಂದುಕೊಟ್ಟಿತ್ತು. ಆದರೂ ಅನುಮಾನ ಬಂತು. ಅದನ್ನು ಡೈರಿಯಲ್ಲಿ ಬರೆದಿಟ್ಟು ಆ ದಿನದ ಪುಟಗಳಿಗೆ ಕೂತರು. ಅಕ್ಟೋಬರ್ ಕೊನೆಗೆ ಕಾದಂಬರಿ ಮುಗಿಯಿತು. 1939ರಲ್ಲಿ ಪ್ರಕಟವಾಯಿತು, 1940ರಲ್ಲಿ ಪುಲಿಟ್ಜರ್ ಬಂತು.

ಪ್ರಶಸ್ತಿ ಬಂತು ಅನ್ನುವುದಕ್ಕಾಗಿ ಇದನ್ನು ಹೇಳಲಿಲ್ಲ. ಡೈರಿ ಬೇರೆ, ಕಾದಂಬರಿ ಬೇರೆ ಅಂತ ಇಟ್ಟುಕೊಂಡರಲ್ಲ, ಅದನ್ನು ನೋಡಿ. ತಮ್ಮ ಬಗ್ಗೆ ಇದ್ದ ಅನುಮಾನವನ್ನು ಅವರು ಗೆಲ್ಲಲಿಲ್ಲ, ಗೆಲ್ಲಲು ಹೋಗಲೂ ಇಲ್ಲ. ಅದಕ್ಕೊಂದು ಜಾಗ ಕೊಟ್ಟರು. ನೀವೂ ಒಂದು ನೋಟ್‌ಬುಕ್ ಇಡಿ. ಬರೆಯುವ ಮುಂಚೆ ಐದು ನಿಮಿಷ, ತಲೆಯಲ್ಲಿ ಓಡುವುದನ್ನೆಲ್ಲ ಅದರಲ್ಲಿ ಹಾಕಿ. ನಾಲ್ಕಾರು ವಾರ ಕಳೆದ ಮೇಲೆ ತಿರುಗಿಸಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಅತಿ ಕಹಿಯಾದ ಸಾಲುಗಳು ಬಂದಿರುವುದು ನಿದ್ದೆಗೆಟ್ಟ ದಿನ, ಬೇರೆಯವರ ಪುಸ್ತಕದ ಸುದ್ದಿ ಕೇಳಿದ ದಿನ, ಇಲ್ಲವೇ ಕಷ್ಟದ ಅಧ್ಯಾಯ ಎದುರಿಗಿದ್ದ ದಿನ. ಆವತ್ತು ಬರೆದ ಪುಟಗಳು ಉಳಿದ ದಿನಗಳ ಪುಟಗಳಿಗಿಂತ ಕೆಟ್ಟದಾಗಿ ಇರುವುದೇ ಇಲ್ಲ. ಬಹುತೇಕ ಹಸ್ತಪ್ರತಿಗಳಲ್ಲಿ ನಾನು ಕಂಡ ಸಂಗತಿ ಇದು. ಯಾವ ಪುಟವನ್ನು ಅಳುತ್ತಾ ಬರೆದರು, ಯಾವುದನ್ನು ಕುಣಿಯುತ್ತಾ ಬರೆದರು ಅಂತ ಓದುಗರಿಗೆ ಗೊತ್ತೇ ಆಗುವುದಿಲ್ಲ.

ಈಗ ಕೆಲಸಕ್ಕೆ ಬರುವ ಅನುಮಾನಕ್ಕೆ ಬರೋಣ. ನೀವು 'ಸಪ್ಪೆ' ಅಂದಿದ್ದೀರಿ, ಪುಟವನ್ನೂ ತೋರಿಸಿದ್ದೀರಿ. ತುಂಬಾ ಒಳ್ಳೆಯದಾಯಿತು. ನಿಮ್ಮ ಸಾಲುಗಳು ಇವು:

'ಅಮ್ಮನ ಬೀರು ತೆರೆದಾಗ ಇಬ್ಬರಿಗೂ ದುಃಖ ಉಕ್ಕಿ ಬಂತು. ಬಾಲ್ಯದ ನೆನಪುಗಳೆಲ್ಲ ಕಣ್ಣ ಮುಂದೆ ಸುಳಿದವು. ಅಕ್ಕ ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಬಹಳ ಹೊತ್ತು ಹಾಗೆಯೇ ನಿಂತಿದ್ದರು.'

ಭಾಷೆಯಲ್ಲಿ ಏನೂ ತಪ್ಪಿಲ್ಲ. ವಾಕ್ಯಗಳು ನೆಟ್ಟಗಿವೆ. ಆದರೂ ನಿಮಗೆ ಸಪ್ಪೆ ಅನ್ನಿಸಿದ್ದು ಸರಿ. ನಿಮ್ಮ ಕಿವಿ ಸರಿಯಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಇಲ್ಲಿ ಇಬ್ಬರು ಇದ್ದಾರೆ, ಆದರೆ ಇಬ್ಬರಿಗೂ ಒಂದೇ ಭಾವನೆ. ಇಬ್ಬರಲ್ಲಿ ಯಾರಿಗೂ ಏನೂ ಬೇಕಾಗಿಲ್ಲ. ಒಬ್ಬಳನ್ನು ತೆಗೆದುಹಾಕಿದರೂ ಸನ್ನಿವೇಶ ಹಾಗೇ ಉಳಿಯುತ್ತದೆ. ಜೊತೆಗೆ 'ದುಃಖ', 'ನೆನಪು' ಅಂತ ಹೆಸರಷ್ಟೇ ಇದೆ. ಯಾವ ನೆನಪು? ಯಾರ ನೆನಪು? ಬೀರುವಿನ ಒಳಗೆ ಏನಿತ್ತು ಅನ್ನುವುದು ಕೂಡ ಓದುಗರಿಗೆ ಕಾಣಲಿಲ್ಲ.

ಇದನ್ನೇ ಹೀಗೆ ಬರೆದು ನೋಡಿದೆ. ನಿಮ್ಮ ಕಥೆ ನಿಮ್ಮದೇ, ಇದನ್ನು ಬಳಸಿ ಅಂತಲ್ಲ. ವ್ಯತ್ಯಾಸ ಕಾಣಲಿ ಅಂತ:

'ಅಕ್ಕ ಬಟ್ಟೆಗಳನ್ನು ಎರಡು ರಾಶಿ ಮಾಡುತ್ತಾ ಹೋದಳು. ಹೊಸದು ಒಂದು ಇತ್ತ ಹಾಕಿದರೆ ಇನ್ನೊಂದು ಅತ್ತ. ಲೆಕ್ಕ ಸರಿಯಾಗಿಯೇ ಇತ್ತು. ತಂಗಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕೊನೆಯ ಮೂರು ತಿಂಗಳು ಈ ಬಟ್ಟೆ ಒಗೆದವಳು ಅವಳು.
"ಆ ನೀಲಿ ಸ್ವೆಟರ್ ನನಗೆ ಬೇಕು."
"ಅದು ಮೊಣಕೈ ಹತ್ರ ಹರಿದಿದೆಯಲ್ಲೇ."
"ಗೊತ್ತು."
ಅಕ್ಕ ಅದನ್ನು ತಂಗಿಯ ರಾಶಿಗೆ ಹಾಕಿದಳು. ಆಮೇಲೆ ತನ್ನ ರಾಶಿಗೆ ಒಂದು ಹೊಸ ಶಾಲು ಸೇರಿಸಿಕೊಂಡಳು, ಲೆಕ್ಕ ಸರಿಹೋಗಲಿ ಅಂತ.'

ಇಲ್ಲಿ 'ದುಃಖ' ಅನ್ನುವ ಮಾತೇ ಇಲ್ಲ. ಆದರೆ ಇಬ್ಬರಿಗೂ ಬೇಕಾಗಿರುವುದು ಬೇರೆ ಬೇರೆ. ಒಬ್ಬಳಿಗೆ ನ್ಯಾಯವಾಗಿ ಹಂಚಿ ಮುಗಿಸಬೇಕು. ಇನ್ನೊಬ್ಬಳಿಗೆ, ತಾನು ಮಾಡಿದ್ದನ್ನು ಯಾರಾದರೂ ಗುರುತಿಸಬೇಕು. ಬಾಯಿಬಿಟ್ಟು ಇಬ್ಬರೂ ಹೇಳುವುದಿಲ್ಲ. ಆದ್ದರಿಂದ ಮುಂದಿನ ಪುಟಕ್ಕೆ ಕೆಲಸ ಹುಟ್ಟಿತು. ಈ ಶಾಲಿನ ಲೆಕ್ಕ ಇನ್ನೊಂದು ಕಡೆ ಎಲ್ಲೋ ಸಿಡಿಯಲೇಬೇಕು. ನಿಮ್ಮ ಸಾಲುಗಳಲ್ಲಿ ಇಬ್ಬರೂ ತಬ್ಬಿಕೊಂಡ ಕೂಡಲೇ ಕಥೆ ಮುಗಿದುಹೋಯಿತು. ಆರು ತಿಂಗಳು ನೀವು ಮುಂದೆ ಹೋಗದೆ ಇದ್ದದ್ದು ಸೋಮಾರಿತನಕ್ಕಲ್ಲ, ಪ್ರತಿಭೆ ಬತ್ತಿ ಅಲ್ಲ. ಹೋಗಲು ಮುಂದೆ ದಾರಿಯೇ ಇರಲಿಲ್ಲ.

140 ಪುಟದ ಹತ್ತಿರ ಹೀಗೆ ನಿಲ್ಲುವುದು ಬಹಳ ಸಾಮಾನ್ಯ. ಶುರುವಿನ ಹುರುಪು ಮೊದಲ ನೂರು ಪುಟ ತಳ್ಳಿಕೊಂಡು ಬರುತ್ತದೆ. ಪಾತ್ರ ಹೊಸದು, ಜಾಗ ಹೊಸದು, ಏನು ಬರೆದರೂ ಮುಂದೆ ಸಾಗುತ್ತದೆ. ಆಮೇಲೆ ಪರಿಚಯ ಮಾಡಿಸುವುದೆಲ್ಲ ಮುಗಿಯುತ್ತದೆ. ಕೊನೆ ಇನ್ನೂ ದೂರ. ಈ ಮಧ್ಯಭಾಗದಲ್ಲಿ ಕಥೆಯನ್ನು ನಡೆಸುವುದು ಪಾತ್ರಗಳ ಹಟ ಮಾತ್ರ. ಯಾರಿಗೆ ಏನು ಬೇಕು, ಅದು ಸಿಗದ ಹಾಗೆ ಯಾರು ಅಡ್ಡ ನಿಂತಿದ್ದಾರೆ ಅನ್ನುವುದು ಲೇಖಕರಿಗೆ ಸ್ಪಷ್ಟ ಇರದಿದ್ದರೆ ಇಲ್ಲಿ ಗಾಡಿ ನಿಲ್ಲುತ್ತದೆ. ನಿಂತಾಗ ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಾರೆ. ಹಸ್ತಪ್ರತಿಯನ್ನು ಯಾರೂ ವಿಚಾರಿಸುವುದಿಲ್ಲ.

ಹಾಗಾಗಿ ಮೊದಲ ಪುಟದಿಂದ ತಿದ್ದುತ್ತಾ ಬರಬೇಡಿ. ಅದು ಇನ್ನೊಂದು ಬಲೆ. ಮೊದಲ ಅಧ್ಯಾಯವನ್ನು ಮೂವತ್ತು ಸಲ ತಿದ್ದಿ, ಹನ್ನೆರಡನೇ ಅಧ್ಯಾಯವನ್ನು ಒಮ್ಮೆಯೂ ಬರೆಯದ ಎಷ್ಟೋ ಮಂದಿ ಇದ್ದಾರೆ. ಒಂದು ರಜೆಯ ದಿನ 140 ಪುಟವನ್ನೂ ಪ್ರಿಂಟ್ ತೆಗೆದು ಒಂದೇ ಪಟ್ಟಿಗೆ ಓದಿ. ಕೈಯಲ್ಲಿ ಪೆನ್ಸಿಲ್ ಇರಲಿ, ಆದರೆ ಒಂದು ಪದವನ್ನೂ ಬದಲಿಸಬೇಡಿ. ಜೀವ ಇದೆ ಅನ್ನಿಸಿದ ಕಡೆ ಅಂಚಿನಲ್ಲಿ ಒಂದು ಗೆರೆ, ಮನಸ್ಸು ಆಚೆ ಹೋದ ಕಡೆ ಒಂದು ಸೊನ್ನೆ. ಅಷ್ಟೇ. ಆಮೇಲೆ ಗೆರೆ ಹಾಕಿದ ಪುಟಗಳನ್ನು ಮಾತ್ರ ಬೇರೆ ತೆಗೆದು ನೋಡಿ. ಅವುಗಳಲ್ಲಿ ಏನೋ ಒಂದು ಸಮಾನ ಅಂಶ ಇರುತ್ತದೆ. ನಿಮ್ಮ ನಿಜವಾದ ಪುಸ್ತಕ ಅಲ್ಲಿರುತ್ತದೆ.

ಈ ಮಾತನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ಲೇಖಕಿ ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಒಪ್ಪಿಸಿದ ಹಸ್ತಪ್ರತಿ, ದೊಡ್ಡವಳಾದ ಮೇಲೆ ತನ್ನ ಊರಿಗೆ ವಾಪಸ್ ಬರುವ ಹೆಣ್ಣುಮಗಳ ಕಥೆಯಾಗಿತ್ತು. ಸಂಪಾದಕಿ ಟೇ ಹೋಹಾಫ್ ಅವರಿಗೆ ಅದರಲ್ಲಿ ಜೀವ ಕಂಡಿದ್ದು ಆ ಹೆಣ್ಣುಮಗಳ ಬಾಲ್ಯದ ತುಣುಕುಗಳಲ್ಲಿ. ಆ ಬಾಲ್ಯವನ್ನೇ ಕಾದಂಬರಿ ಮಾಡಿ ಅಂದರು. ಲೀ ವರ್ಷಗಟ್ಟಲೆ ಕೂತು ಮತ್ತೆ ಬರೆದರು. 1960ರಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಆಗಿ ಹೊರಬಂದದ್ದು ಅದು. ಮೊದಲ ಕರಡಿನಲ್ಲಿ ಮುಖ್ಯ ಅಂದುಕೊಂಡಿದ್ದ ಕಥೆ ಪಕ್ಕಕ್ಕೆ ಸರಿಯಿತು. ನಡುನಡುವೆ ಬಂದ ನೆನಪುಗಳು ಪುಸ್ತಕವಾದವು. ಆ ಮೊದಲ ಕರಡು ಓದಿ 'ಸೂಪರ್' ಅಂದಿದ್ದರೂ, 'ಬಿಟ್ಟುಬಿಡಿ' ಅಂದಿದ್ದರೂ ಆ ಪುಸ್ತಕ ನಮಗೆ ಸಿಗುತ್ತಿರಲಿಲ್ಲ.

ಇಲ್ಲಿಂದ ಪ್ರೋತ್ಸಾಹದ ವಿಷಯಕ್ಕೆ ಬರುತ್ತೇನೆ. ಅನುಮಾನಕ್ಕೆ ಹೇಳಿದ ಮಾತೇ ಹೊಗಳಿಕೆಗೂ ಅನ್ವಯಿಸುತ್ತದೆ. ಪುಟದ ನಂಬರ್ ಇಲ್ಲದ ಹೊಗಳಿಕೆ ಮನಸ್ಸಿಗೆ ಹಿತ, ಕೆಲಸಕ್ಕೆ ಬರುವುದಿಲ್ಲ. ಗೆಳತಿಯರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ನೀವು ಕೇಳಿದ್ದು 'ಹೇಗಿದೆ?' ಅಂತ. ಅದಕ್ಕೆ ಪ್ರೀತಿ ಇರುವವರು ಇನ್ನೇನು ಹೇಳಲು ಸಾಧ್ಯ? ಪ್ರಶ್ನೆ ಬದಲಿಸಿ. ಎಲ್ಲಿ ಓದು ನಿಲ್ಲಿಸಿ ಫೋನ್ ನೋಡಿದೆ? ಯಾವ ಪಾತ್ರ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅನ್ನಿಸಿತು? ಇಬ್ಬರಲ್ಲಿ ಯಾರ ಪಕ್ಷ ನೀನು? ಮುಂದೆ ಏನಾಗುತ್ತೆ ಅಂದುಕೊಂಡೆ? ಈ ಪ್ರಶ್ನೆಗಳಿಗೆ ಸಾಹಿತ್ಯ ಗೊತ್ತಿರಬೇಕಾಗಿಲ್ಲ, ಯಾರು ಬೇಕಾದರೂ ಉತ್ತರ ಕೊಡಬಹುದು. ಇಬ್ಬರು ಒಂದೇ ಜಾಗದಲ್ಲಿ ಫೋನ್ ನೋಡಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಅವರು ಕೊಡುವ ಪರಿಹಾರವನ್ನು ಮಾತ್ರ ತಕ್ಷಣ ಒಪ್ಪಿಕೊಳ್ಳಬೇಡಿ. ನೋವು ಎಲ್ಲಿದೆ ಅಂತ ಓದುಗರು ಸರಿಯಾಗಿ ತೋರಿಸುತ್ತಾರೆ. ಮದ್ದು ಏನು ಅನ್ನುವುದನ್ನು ಮಾತ್ರ ಬರೆಯುವವರೇ ಹುಡುಕಬೇಕು.

ಇನ್ನು ಆ ಹಿರಿಯರ ಮಾತು. ಅದು ನಿಮಗೆ ಎಷ್ಟು ಚುಚ್ಚಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಅವರು ನಿಮ್ಮ ಹಸ್ತಪ್ರತಿ ಓದಿದ್ದಾರೆ ಅಂತ ನೀವು ಎಲ್ಲೂ ಬರೆದಿಲ್ಲ. ಅಂದಮೇಲೆ ಅದು ನಿಮ್ಮ ಕಾದಂಬರಿಯ ಬಗ್ಗೆ ಹೇಳಿದ ಮಾತೇ ಅಲ್ಲ. ಗೌರವ ಹಾಗೇ ಇರಲಿ. ಆ ಮಾತನ್ನು ಮಾತ್ರ ಪಕ್ಕಕ್ಕಿಡಿ.

ಇಂಗ್ಲೆಂಡಿನ ಕಾದಂಬರಿಗಾರ್ತಿ ಶಾರ್ಲೆಟ್ ಬ್ರಾಂಟೆ ಅವರಿಗೂ ಇಂಥದ್ದೇ ಆಗಿತ್ತು. ಇಪ್ಪತ್ತರ ವಯಸ್ಸಿನಲ್ಲಿ ತಮ್ಮ ಪದ್ಯಗಳನ್ನು ಆಗಿನ ಆಸ್ಥಾನ ಕವಿ ರಾಬರ್ಟ್ ಸೌದಿಗೆ ಕಳಿಸಿ ಅಭಿಪ್ರಾಯ ಕೇಳಿದರು. 1837ರ ಮಾರ್ಚ್‌ನಲ್ಲಿ ಉತ್ತರ ಬಂತು. ಸಾಹಿತ್ಯ ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂ ಕೂಡದು ಅಂತ. ಹೇಳಿದವರು ಸಾಮಾನ್ಯರಲ್ಲ, ದೇಶದಲ್ಲೇ ದೊಡ್ಡ ಹೆಸರು. ಅದಾಗಿ ಹತ್ತು ವರ್ಷಕ್ಕೆ ಬ್ರಾಂಟೆಯವರ ಮೊದಲ ಕಾದಂಬರಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಸುತ್ತುತ್ತಿತ್ತು. ಎಲ್ಲ ಕಡೆಯಿಂದ ವಾಪಸ್. ಕೊನೆಗೆ 1847ರಲ್ಲಿ ಲಂಡನ್ನಿನ ಸ್ಮಿತ್, ಎಲ್ಡರ್ ಎಂಬ ಪ್ರಕಾಶನ ಸಂಸ್ಥೆಯೂ ಬೇಡ ಅಂದಿತು. ಆದರೆ ಬೇಡ ಅಂದ ರೀತಿ ಬೇರೆ ಇತ್ತು. ಆ ಪತ್ರದಲ್ಲಿ ಕಾದಂಬರಿಯ ಗುಣ ಏನು, ದೋಷ ಏನು ಅಂತ ಬಿಡಿಸಿ ಬರೆದಿದ್ದರು. ಮೂರು ಸಂಪುಟದ ಕೃತಿಯಾದರೆ ಗಮನಕೊಟ್ಟು ನೋಡುತ್ತೇವೆ ಅಂತಲೂ ಸೇರಿಸಿದ್ದರು. ಒರಟಾಗಿ ಬರೆದ ಒಪ್ಪಿಗೆಗಿಂತ ಆ ನಿರಾಕರಣೆಯೇ ತನಗೆ ಹೆಚ್ಚು ಹುರುಪು ಕೊಟ್ಟಿತು ಅನ್ನುವ ಅರ್ಥದಲ್ಲಿ ಬ್ರಾಂಟೆ ಆಮೇಲೆ ಬರೆದಿದ್ದಾರೆ. ಆಗಲೇ ಬರೆಯುತ್ತಿದ್ದ ಇನ್ನೊಂದು ಕಾದಂಬರಿಯನ್ನು ಮುಗಿಸಿ ಆಗಸ್ಟ್‌ನಲ್ಲಿ ಕಳಿಸಿದರು. ಅಕ್ಟೋಬರ್‌ನಲ್ಲಿ ಅದು ಅಚ್ಚಾಗಿ ಬಂತು. ಅದು 'ಜೇನ್ ಐರ್'.

ಸೌದಿಯ ಪತ್ರದಲ್ಲಿ ಗೌರವದ ಮಾತುಗಳೂ ಇದ್ದವು. ಆದರೆ ಅದು ಮಾತಾಡಿದ್ದು ಹೆಣ್ಣುಮಕ್ಕಳ ಬಗ್ಗೆ. ಪ್ರಕಾಶಕರ ಪತ್ರದಲ್ಲಿ ನಿರಾಕರಣೆ ಇತ್ತು. ಆದರೆ ಅದು ಮಾತಾಡಿದ್ದು ಕೃತಿಯ ಬಗ್ಗೆ. ನಿಜವಾದ ಪ್ರೋತ್ಸಾಹ ಅಂದರೆ ನನ್ನ ಪ್ರಕಾರ ಎರಡನೆಯದು. ಯಾರೋ ಒಬ್ಬರು ನಿಮ್ಮ ಪುಟಗಳನ್ನು ಪೂರ್ತಿ ಗಮನ ಕೊಟ್ಟು ಓದಿದ್ದಾರೆ ಅನ್ನುವುದು. ಅದರಲ್ಲಿ ಹೊಗಳಿಕೆ ಇರಲೇಬೇಕು ಅಂತಿಲ್ಲ. ಬರೆಯುವ ಇನ್ನಿಬ್ಬರು ಸಿಕ್ಕರೆ ತಿಂಗಳಿಗೊಮ್ಮೆ ಹತ್ತು ಪುಟ ಅದಲುಬದಲು ಮಾಡಿಕೊಂಡು ಓದಿ. ಬೇರೆಯವರ ಹಸ್ತಪ್ರತಿಯನ್ನು ಗಮನಕೊಟ್ಟು ಓದುವಾಗ ನಿಮ್ಮದರ ದೋಷವೂ ತಾನಾಗಿ ಕಾಣಲು ಶುರುವಾಗುತ್ತದೆ.

ಉತ್ತರ ಕೊಡದ ಪ್ರಕಾಶಕರ ವಿಷಯ ಬೇಗ ಮುಗಿಸುತ್ತೇನೆ. ಮೌನ ಅಂದರೆ ನಿರಾಕರಣೆ ಅಲ್ಲ, ಅಭಿಪ್ರಾಯವೂ ಅಲ್ಲ. ಹೆಚ್ಚಿನ ಕಡೆ ಕೈ ತುಂಬಾ ಹಸ್ತಪ್ರತಿ, ಓದುವವರು ಒಬ್ಬರೋ ಇಬ್ಬರೋ. ಅದಕ್ಕಿಂತ ಮುಖ್ಯ, ಮೊದಲ ಕಾದಂಬರಿಯನ್ನು ಅರ್ಧಕ್ಕೆ ಕಳಿಸಬಾರದು. ಹೊಸಬರು ಮುಗಿಸುತ್ತಾರೋ ಇಲ್ಲವೋ ಅನ್ನುವುದೇ ಪ್ರಕಾಶಕರ ಮೊದಲ ಚಿಂತೆ. ಮೂರು ಅಧ್ಯಾಯ ಚೆನ್ನಾಗಿದ್ದರೂ ಅವರು ಏನೂ ಮಾಡಲು ಬರುವುದಿಲ್ಲ. ಪೂರ್ತಿ ಮುಗಿಸಿ, ಒಮ್ಮೆ ತಿದ್ದಿ, ಆಮೇಲೆ ಒಂದಕ್ಕಿಂತ ಹೆಚ್ಚು ಕಡೆ ಕಳಿಸಿ. ಆಗ ನಿರಾಕರಣೆ ಬಂದರೂ ಅದು ಒಬ್ಬ ಓದುಗರ ಮಾತು ಅಂತ ನೆನಪಿರಲಿ. ವಿಲಿಯಂ ಗೋಲ್ಡಿಂಗ್ ಅವರ 'ಲಾರ್ಡ್ ಆಫ್ ದ ಫ್ಲೈಸ್' ಹಸ್ತಪ್ರತಿ ಹಲವು ಕಡೆಯಿಂದ ವಾಪಸಾಗಿ ಫೇಬರ್ ಸಂಸ್ಥೆಗೆ ಬಂದಾಗ, ಅಲ್ಲಿ ಓದಿ ಅಭಿಪ್ರಾಯ ಕೊಡುವವರು ಅದನ್ನು ಕಸ, ನೀರಸ ಅಂತ ಬರೆದಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಚಾರ್ಲ್ಸ್ ಮಾಂಟೀತ್ ಎಂಬ ಸಂಪಾದಕರು ಅದನ್ನೇ ಎತ್ತಿಕೊಂಡು ಓದಿದರು. ಎಲ್ಲಿ ಕತ್ತರಿಸಬೇಕು ಅಂತ ಲೇಖಕರ ಜೊತೆ ಕೂತು ಕೆಲಸ ಮಾಡಿದರು. 1954ರಲ್ಲಿ ಪುಸ್ತಕ ಬಂತು. ಒಂದೇ ಕಟ್ಟಡದಲ್ಲಿ ಇಬ್ಬರು ಓದುಗರು, ಎರಡು ತೀರ್ಪು.

ಹೊತ್ತಿನ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ಕೆಲಸ, ಮನೆ, ಮಗು ಮುಗಿಸಿ ರಾತ್ರಿ ಅಂದಿದ್ದೀರಿ. ಹಾಗಾದರೆ ನಿಮ್ಮ ಅನುಮಾನದಲ್ಲಿ ಅರ್ಧ ಸುಸ್ತು ಇರಬಹುದು. ಅಮೆರಿಕದ ಕಾದಂಬರಿಗಾರ್ತಿ ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದುಕೊಂಡು, ಒಬ್ಬರೇ ಇಬ್ಬರು ಮಕ್ಕಳನ್ನು ಸಾಕುತ್ತಾ ಬರೆದವರು. ಬೆಳಕು ಹರಿಯುವ ಮುಂಚೆ, ಮಕ್ಕಳು ಏಳುವ ಮೊದಲು ಬರೆಯುವ ಅಭ್ಯಾಸ ಅವರಿಗೆ ಹಾಗೆ ಬಂತು. ಮೊದಲ ಕಾದಂಬರಿ 1970ರಲ್ಲಿ ಬಂದಾಗ ಅವರಿಗೆ 39 ವರ್ಷ. ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಬೆಳಗಿನ ಜಾವ ಎದ್ದು, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ನೀವು ಅಷ್ಟು ಬರೆಯಬೇಕಾಗಿಲ್ಲ. ದಿನಕ್ಕೆ 250 ಪದ, ವಾರಕ್ಕೆ ಐದು ದಿನ ಅಂದರೆ ವರ್ಷಕ್ಕೆ 65,000 ಪದ. ಒಂದು ಕಾದಂಬರಿಗೆ ಅದು ಸಾಕು. ಎಲ್ಲರಿಗೂ ಬೆಳಗಿನ ಜಾವವೇ ಆಗಬೇಕು ಅಂತ ನಾನು ಹೇಳುವುದಿಲ್ಲ. ಮಗು ಚಿಕ್ಕದಿದ್ದರೆ ಅದೂ ಕಷ್ಟ. ದಿನದ ಸುಸ್ತೆಲ್ಲ ಸೇರಿದ ಹೊತ್ತಿನಲ್ಲಿ ಮಾತ್ರ ನಿಮ್ಮ ಬರಹಕ್ಕೆ ಬೆಲೆ ಕಟ್ಟಬೇಡಿ. ರಾತ್ರಿ ಬರೆಯಿರಿ, ಬೇಕಾದರೆ ಬೆಳಿಗ್ಗೆ ಓದಿ.

ಬಿಟ್ಟುಬಿಡಬೇಕಾದ ಕಾದಂಬರಿ ಅಂತ ಇರುವುದೇ ಇಲ್ಲವಾ ಅಂದರೆ, ಇದೆ. ಗೆರೆ ಹಾಕುತ್ತಾ ಓದಿದಾಗ 140 ಪುಟದಲ್ಲಿ ಒಂದು ಗೆರೆಯೂ ಬೀಳದಿದ್ದರೆ, ಆ ಅಕ್ಕತಂಗಿಯರು ಈಗ ಏನು ಮಾಡುತ್ತಿರಬಹುದು ಅಂತ ನಿಮಗೇ ಕುತೂಹಲ ಇಲ್ಲದಿದ್ದರೆ, ಅಥವಾ ಇನ್ನೊಂದು ಕಥೆ ದಿನವೂ ಬಂದು ಕೂರುತ್ತಿದ್ದರೆ, ಇದನ್ನು ಮುಚ್ಚಿಟ್ಟು ಅದಕ್ಕೆ ಹೋಗಬಹುದು. ಅದರಿಂದ ನಷ್ಟ ಏನೂ ಇಲ್ಲ. ಮೇಲೆ ಹೇಳಿದ ಬ್ರಾಂಟೆಯವರ ತಿರಸ್ಕೃತ ಕಾದಂಬರಿ ಅವರು ಬದುಕಿರುವಾಗ ಬರಲೇ ಇಲ್ಲ. ಆದರೆ ಅದರಲ್ಲಿ ಬಳಸಿದ್ದ, ಬ್ರಸೆಲ್ಸ್‌ನಲ್ಲಿ ಓದಿ, ಪಾಠ ಹೇಳಿದ ದಿನಗಳ ಅನುಭವ 1853ರ 'ವಿಲೆಟ್' ಕಾದಂಬರಿಗೆ ಮತ್ತೆ ಬಂತು, ಮೊದಲಿಗಿಂತ ಆಳವಾಗಿ. ಆರು ತಿಂಗಳು ನಿಂತುಹೋಯಿತು ಅಂತ ಕೊರಗುವುದೂ ಬೇಡ. ಕುವೆಂಪು ಅವರ ಮೊದಲ ಕಾದಂಬರಿ 1936ರಲ್ಲಿ ಬಂತು, ಎರಡನೆಯದು 1967ರಲ್ಲಿ. ಕಾದಂಬರಿಯ ಕೆಲಸದಲ್ಲಿ ಆರು ತಿಂಗಳು ಏನೂ ಅಲ್ಲ.

ಆದರೆ ನಿಮ್ಮದು ಬಿಡಬೇಕಾದ ಕಾದಂಬರಿ ಅಂತ ನನಗೆ ಅನ್ನಿಸುವುದಿಲ್ಲ. ಕೊನೆಯಲ್ಲಿ ಕೇಳಿದ್ದೀರಲ್ಲ, ಬೇರೆ ಹೆಸರಿನ ವಿಷಯ, ಅದನ್ನು ಓದಿದಾಗ ನನಗೊಂದು ಸಂಶಯ ಬಂತು. ತಪ್ಪಿದ್ದರೆ ಬಿಟ್ಟುಬಿಡಿ. ನಿಮಗೆ ನಿಜವಾಗಿಯೂ ಒಬ್ಬ ಅಕ್ಕನೋ ತಂಗಿಯೋ ಇದ್ದಾರಾ? ಅವರು ಇದನ್ನು ಓದುತ್ತಾರೆ ಅನ್ನುವ ಭಯ ಇದೆಯಾ? ಹಾಗಿದ್ದರೆ ಆ ಬೀರುವಿನ ಸನ್ನಿವೇಶ ಯಾಕೆ ಸಪ್ಪೆ ಆಯಿತು ಅನ್ನುವುದಕ್ಕೆ ಪೂರ್ತಿ ಉತ್ತರ ಸಿಕ್ಕಿತು. ಅಲ್ಲಿ ಜಗಳ ಆಗಬೇಕಿತ್ತು. ನೀವು ಆಗಲು ಬಿಡಲಿಲ್ಲ. ಯಾರನ್ನೋ ಕಾಪಾಡಲು ಇಬ್ಬರನ್ನೂ ತಬ್ಬಿಸಿಬಿಟ್ಟಿರಿ. ಹಸ್ತಪ್ರತಿ ಓದುವಾಗ ಇಂಥ ಜಾಗಗಳು ನನಗೆ ಮತ್ತೆ ಮತ್ತೆ ಸಿಗುತ್ತವೆ. ಅಲ್ಲಿಯವರೆಗೆ ಚುರುಕಾಗಿದ್ದ ಭಾಷೆ ಇದ್ದಕ್ಕಿದ್ದ ಹಾಗೆ ಮೆತ್ತಗಾಗುತ್ತದೆ. 'ನೆನಪುಗಳು', 'ಭಾವನೆಗಳು' ಅಂತ ಬಹುವಚನಗಳು ಜಾಸ್ತಿಯಾಗುತ್ತವೆ. ಬರೆಯುವವರು ಅದನ್ನು ಪ್ರತಿಭೆಯ ಕೊರತೆ ಅಂದುಕೊಳ್ಳುತ್ತಾರೆ. ಅದು ಸಂಕೋಚ, ಮತ್ತು ಬಹಳ ಸಲ ಪ್ರೀತಿ.

ಆ ಪ್ರೀತಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಮನೆಯವರ ಗುಟ್ಟನ್ನು ಪುಸ್ತಕ ಮಾಡಿ, ಸತ್ಯ ಹೇಳಿದೆ ಅಂತ ಬೀಗುವುದು ನನಗೆ ಇಷ್ಟವಿಲ್ಲ. ಆದರೆ ಕರಡು ಯಾರೂ ಓದುವುದಿಲ್ಲ. ಕರಡಿನಲ್ಲಿ ಆ ಜಗಳ ಪೂರ್ತಿ ಆಗಲಿ, ಇಬ್ಬರೂ ಆಡಬಾರದ ಮಾತು ಆಡಲಿ. ತಿದ್ದುವಾಗ ಅಕ್ಕನಿಗೆ ಬೇರೆ ಕೆಲಸ, ಬೇರೆ ಮೈಕಟ್ಟು, ಬೇರೆ ಗಂಡ ಕೊಡಿ. ನಿಜದಲ್ಲಿ ನಡೆದ ಘಟನೆಯನ್ನು ತೆಗೆದು ಅದೇ ತೂಕದ ಇನ್ನೊಂದನ್ನು ಕಟ್ಟಿ. ಹಾಗೆ ಕಟ್ಟುತ್ತಾ ಹೋದ ಹಾಗೆ ಆ ಪಾತ್ರ ನಿಮ್ಮ ಮನೆಯವರನ್ನು ಬಿಟ್ಟು ತನ್ನ ಪಾಡಿಗೆ ತಾನು ನಡೆಯಲು ಶುರುಮಾಡುತ್ತದೆ. ಆಮೇಲೂ ಗುರುತು ಉಳಿದಿದೆ ಅನ್ನಿಸಿದರೆ, ಅಚ್ಚಿಗೆ ಹೋಗುವ ಮುಂಚೆ ನೀವೇ ಅವರ ಕೈಗೆ ಕೊಡಿ. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ಅದು ಮೇಲು.

ಬೇರೆ ಹೆಸರು ಇಟ್ಟುಕೊಳ್ಳಬಹುದು, ಅದರಲ್ಲಿ ಯಾವ ಕೊಂಕೂ ಇಲ್ಲ. ಕನ್ನಡ ಓದುಗರು ತ್ರಿವೇಣಿ ಅಂತ ಪ್ರೀತಿಯಿಂದ ಓದಿದ್ದು ಅನಸೂಯಾ ಶಂಕರ್ ಅವರನ್ನು. ಆದರೆ ಹೆಸರು ಬದಲಾದರೆ ಗುಟ್ಟು ಉಳಿಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಬ್ರಾಂಟೆ ಸೋದರಿಯರು ಮೂವರೂ ಗಂಡಸರೋ ಹೆಂಗಸರೋ ತಿಳಿಯದಂಥ ಹೆಸರುಗಳಲ್ಲಿ ಬರೆದರು. ಮೂರೂ ಹೆಸರು ಒಬ್ಬರದೇ ಅಂತ ಸುದ್ದಿ ಹಬ್ಬಿ, 1848ರಲ್ಲಿ ಶಾರ್ಲೆಟ್ ಮತ್ತು ಆ್ಯನ್ ಲಂಡನ್ನಿಗೇ ಹೋಗಿ ಪ್ರಕಾಶಕರ ಎದುರು ನಿಂತು ತಾವು ಯಾರು ಅಂತ ಹೇಳಬೇಕಾಯಿತು. ಇನ್ನು ನಿಮ್ಮ ಅಕ್ಕನೋ ತಂಗಿಯೋ ನಿಮ್ಮ ಒಂದು ಪುಟ ಓದಿದರೆ ಸಾಕು, ಮುಖಪುಟದ ಮೇಲೆ ಯಾವ ಹೆಸರಿದ್ದರೂ ಗೊತ್ತಾಗಿಬಿಡುತ್ತದೆ. ಪ್ರಕಾಶಕರ ಜೊತೆ ಮಾಡಿಕೊಳ್ಳುವ ಒಪ್ಪಂದ, ಗೌರವಧನ ಎಲ್ಲ ಸ್ವಂತ ಹೆಸರಿನಲ್ಲೇ ಇರಲಿ. ಬೇರೆ ಹೆಸರು ಮುಖಪುಟಕ್ಕೆ ಮಾತ್ರ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಆ ಹೆಸರು ಯಾವುದು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ, ಅದು ಹಸ್ತಪ್ರತಿ ಮುಗಿದ ಮೇಲಿನ ಮಾತು. ಈ ವಾರ ಬೀರುವಿನ ಸನ್ನಿವೇಶಕ್ಕೆ ವಾಪಸ್ ಹೋಗಿ, ತಬ್ಬಿಕೊಂಡ ಆ ಸಾಲನ್ನು ತೆಗೆದುಹಾಕಿ, ತಂಗಿ ಬಾಯಿ ತೆರೆದು ಏನು ಹೇಳುತ್ತಾಳೆ ಅಂತ ಬರೆಯಿರಿ.